ಭಟ್ಟರ ಪಾಸ್‌ವರ್ಡಿಗೆ ಕನ್ನಡದ ಕಾವಲು

ವಿಮೆ ಕಂಪನಿಯಲ್ಲಿ ದುಡಿದವನ ಹತ್ತಿರ ನಗುವಂಥ ಕತೆಗಳೇನೂ ಇರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಬೆಂಕಿ, ಕಳವು, ಪ್ರವಾಹಗಳ ಹಿಂದೆ ಓಡಾಡುವವನಿಗೆ ನಗು ಎಲ್ಲಿಂದ ಬರಬೇಕು? ಆದರೆ ನನ್ನ ಜಾತಕವೇ ಬೇರೆ. ಕಲ್ಕತ್ತೆಯ ಕಾರ್ಖಾನೆಗಳಿಗೆ ಕಂಪ್ಯೂಟರ್ ಬಂದ ಮೇಲೆ ನಾನು ಕಾಲಿಟ್ಟಲ್ಲೆಲ್ಲ ಏನಾದರೊಂದು ಆಗುತ್ತಲೇ ಇತ್ತು. ಅದರಲ್ಲೂ ಖಿದಿರ್‌ಪುರದ ಭಟ್ಟರ ಮಸಾಲೆಪುಡಿ ಕಾರ್ಖಾನೆಗೆ ಹೋದ ದಿನವಂತೂ ಬರಿಗೈಯಲ್ಲಿ ಮನೆಗೆ ಬಂದದ್ದೇ ಇಲ್ಲ. ಒಂದು ಪೊಟ್ಟಣ ಸಾರಿನ ಪುಡಿ, ಒಂದು ಕತೆ, ಎರಡೂ ಸಿಗುತ್ತಿದ್ದವು.

ಸಾಲ್ಟ್ ಲೇಕ್ ಕಡೆ ಗಾಜಿನ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ಕಂಪ್ಯೂಟರ್ ಇಲ್ಲದ ಕಾರ್ಖಾನೆಯನ್ನು ಬ್ಯಾಂಕಿನವರೂ ಅನುಮಾನದಿಂದ ನೋಡುತ್ತಿದ್ದರು. ಯಂತ್ರ ಸುಟ್ಟರೆ ವಿಮೆ ಮೊದಲೇ ಇತ್ತು. ಕಂಪ್ಯೂಟರಿನ ಒಳಗಿರುವ ಮಾಹಿತಿ ಮಾಯವಾದರೆ ಏನು ಗತಿ ಎಂದು ನಮ್ಮ ದೊಡ್ಡ ಆಫೀಸಿನವರಿಗೂ ಚಿಂತೆ ಹತ್ತಿ, ಅದಕ್ಕೊಂದು ಹೊಸ ಪಾಲಿಸಿ ತಂದರು. ಪಾಲಿಸಿ ಕೊಡುವ ಮುಂಚೆ ಕಾರ್ಖಾನೆಗೆ ಹೋಗಿ ಅಪಾಯ ಎಷ್ಟಿದೆ ಎಂದು ನೋಡಿ ಬರುವ ಕೆಲಸ ನನ್ನದು. ಕಂಪ್ಯೂಟರ್ ಬಗ್ಗೆ ನನಗೆ ತಿಳಿದದ್ದು ಅಷ್ಟರಲ್ಲೇ ಇತ್ತು. ಆದರೂ ಪಾಸ್‌ವರ್ಡ್ ಯಾರಿಗೆ ಗೊತ್ತು, ಮಾಹಿತಿಯ ನಕಲು ಎಲ್ಲಿಟ್ಟಿದ್ದೀರಿ, ವೈರಸ್ ಬಂದರೆ ಏನು ಮಾಡುತ್ತೀರಿ ಎಂದು ಗಂಭೀರವಾಗಿ ಕೇಳುತ್ತಿದ್ದೆ. ಕೇಳುವವನಿಗೆ ಉತ್ತರ ಗೊತ್ತಿರಬೇಕೆಂದೇನೂ ನಿಯಮವಿರಲಿಲ್ಲ.

ಮೊದಲ ತಪಾಸಣೆ

ಭಟ್ಟರು ಉಡುಪಿ ಕಡೆಯವರು. ಅಡುಗೆ ಕೆಲಸಕ್ಕೆಂದು ಕಲ್ಕತ್ತೆಗೆ ಬಂದು, ಆಮೇಲೆ ಮದುವೆ ಮುಂಜಿಗಳ ಅಡುಗೆ ವಹಿಸಿಕೊಂಡು, ಊಟ ಮಾಡಿದವರೆಲ್ಲ ಸಾರಿನ ಪುಡಿ ಕೇಳತೊಡಗಿದಾಗ ಕಾರ್ಖಾನೆಯನ್ನೇ ತೆರೆದವರು. ಹುರಿಯುವುದು, ಬೀಸುವುದು ಅವರ ಉಸ್ತುವಾರಿ. ಪ್ಯಾಕಿಂಗ್ ವಿಭಾಗ ಅವರ ಹೆಂಡತಿಯದು; ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಕೆಲಸದವರೆಲ್ಲ ಅಲ್ಲಿಯ ಬಂಗಾಳಿ ಹೆಂಗಸರು. ಅವರ ಮುಖಂಡಳನ್ನು ಎಲ್ಲರೂ ಮಾಶಿ ಎಂದು ಕರೆಯುತ್ತಿದ್ದರು, ಎಂದರೆ ಚಿಕ್ಕಮ್ಮ. ಕಾರ್ಖಾನೆ ಶುರುವಾದ ದಿನದಿಂದ ಇದ್ದವಳು. ಚಹಾ ಮಾಡುವ ಹಕ್ಕನ್ನೂ ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ನಾನು ಬಾಗಿಲಲ್ಲಿ ಕನ್ನಡದಲ್ಲಿ ನಮಸ್ಕಾರ ಎಂದದ್ದೇ ತಡ, ಭಟ್ಟರು ಒಣಮೆಣಸಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. ಆ ಕೈಯಿಂದ ನಾನು ಕಣ್ಣೊರೆಸಿಕೊಂಡದ್ದರಿಂದ ಮುಂದಿನ ತಪಾಸಣೆಯೆಲ್ಲ ಅಳುತ್ತಲೇ ನಡೆಯಿತು. ಕಂಪ್ಯೂಟರನ್ನು ಮಖಮಲ್ಲಿನ ಬಟ್ಟೆ ಹೊದಿಸಿ, ಎದುರಿಗೆ ಊದಿನಕಡ್ಡಿ ಹಚ್ಚಿಟ್ಟಿದ್ದರು. ಪಾಸ್‌ವರ್ಡ್ ಯಾರಿಗೆ ಗೊತ್ತು ಎಂದು ಕೇಳಿದೆ. ತಮಗೊಬ್ಬರಿಗೇ, ಹೆಂಡತಿಗೂ ಹೇಳಿಲ್ಲ ಎಂದರು. ನಾನು ಮೆಚ್ಚಿ ತಲೆದೂಗುವಷ್ಟರಲ್ಲಿ ಯಂತ್ರದ ಮುಂದೆ ಕುಳಿತು, ತೋರುಬೆರಳೊಂದರಿಂದಲೇ ಅಕ್ಷರ ಹುಡುಕುತ್ತ, ಇಡೀ ಕಾರ್ಖಾನೆಗೆ ಕೇಳುವ ಹಾಗೆ “ಕು... ಚ್ಚ... ಲಕ್ಕಿ... ಗಂಜಿ” ಎಂದು ಹೇಳಿಕೊಂಡು ಒತ್ತಿದರು.

ಇಷ್ಟು ಜನರ ಎದುರು ಗಟ್ಟಿಯಾಗಿ ಹೇಳುತ್ತೀರಲ್ಲ ಎಂದು ನಾನು ಗಾಬರಿಯಿಂದ ಕೇಳಿದೆ.

“ಕನ್ನಡ ಅಲ್ವಾ ಮಾರಾಯ್ರೆ. ಖಿದಿರ್‌ಪುರದಲ್ಲಿ ಇದಕ್ಕಿಂತ ಗಟ್ಟಿ ಬೀಗ ಎಲ್ಲಿ ಸಿಗ್ತದೆ?”

ಮಾತು ಸರಿಯೆನಿಸಿತು. ನಾನೂ ನನ್ನ ಹೆಂಡತಿಯೂ ನಾವಿದ್ದ ಲೇಕ್ ಗಾರ್ಡನ್ಸ್‌ನ ತರಕಾರಿಯವನ ಎದುರಿಗೇ ನಿಂತು ಅವನ ಬದನೆಕಾಯಿಯ ಯೋಗ್ಯತೆಯನ್ನು ಕನ್ನಡದಲ್ಲಿ ಚರ್ಚಿಸುತ್ತಿದ್ದೆವು. ಪರಸ್ಥಳದಲ್ಲಿರುವ ಕನ್ನಡಿಗರಿಗೆಲ್ಲ ಈ ಧೈರ್ಯ ಇದ್ದದ್ದೇ. ಹಾಗಾಗಿ ಪಾಸ್‌ವರ್ಡ್ ಭದ್ರವಾಗಿದೆ ಎಂದು ವರದಿಯಲ್ಲಿ ಬರೆದುಕೊಂಡೆ.

ಅಷ್ಟರಲ್ಲಿ ಮಾಶಿ ಚಹಾ ತಂದಳು. ಬೆಳಗ್ಗೆಯಿಂದ ಒಲೆಯ ಮೇಲೇ ಇದ್ದು ಕುದಿ ಕುದಿದು ಕಪ್ಪಾದ ಚಹಾ. ಬೀಸುವ ಯಂತ್ರದಿಂದ ಹಾರಿ ಬಂದ ಕೊತ್ತಂಬರಿ, ಮೆಂತ್ಯ, ಮೆಣಸು ಎಲ್ಲವೂ ಅದರಲ್ಲಿ ಸೇರಿದ್ದವು. ಒಂದು ಗುಟುಕು ಕುಡಿದೆ. ಅವಳ ಮುಖವನ್ನೇ ನೋಡಿ ಹಿತವಾಗಿ ನಗುತ್ತ, ಭಟ್ಟರಿಗೆ ಕನ್ನಡದಲ್ಲಿ ಹೇಳಿದೆ: “ಈ ಚಹಾ ಕುಡಿಯುವ ಮೊದಲು ಒಂದು ವಿಮೆ ಮಾಡಿಸಬೇಕು.”

ಭಟ್ಟರು ಬಿದ್ದು ಬಿದ್ದು ನಕ್ಕರು. ಮಾಶಿಯೂ ನಕ್ಕಳು. ನಕ್ಕು, ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು. ಪಾಪ, ಏನೂ ತಿಳಿಯದ ಜೀವ ಎಂದುಕೊಂಡು ಅಷ್ಟನ್ನೂ ಕುಡಿದೆ.

ಅಪರಿಚಿತೆಯ ಓಲೆ

ಪಾಲಿಸಿ ಆದ ಕೆಲವು ತಿಂಗಳಿಗೆ ಭಟ್ಟರಿಂದ ಫೋನು ಬಂತು. ಕಂಪ್ಯೂಟರ್ ಸತ್ತುಹೋಗಿದೆ ಎಂದರು. ಹೋದೆ. ಪರದೆಯ ಮೇಲೆ ಅರ್ಥವಿಲ್ಲದ ಗೆರೆಗಳು ಓಡುತ್ತಿದ್ದವು. ಭಟ್ಟರು ಒಂದು ಮೂಲೆಯಲ್ಲಿ, ಅಕ್ಕ ಇನ್ನೊಂದು ಮೂಲೆಯಲ್ಲಿ ಮುಖ ತಿರುಗಿಸಿಕೊಂಡು ಕುಳಿತಿದ್ದರು. ನಷ್ಟ ಹೇಗಾಯಿತು ಎಂದು ಬರೆದುಕೊಳ್ಳಲೇಬೇಕಲ್ಲ, ಕೇಳಿದೆ.

ಭಟ್ಟರೇ ಹೇಳಿದರು. ಯಾರೋ ಹೆಂಗಸು ಇಮೇಲ್ ಕಳಿಸಿದ್ದಳಂತೆ. ದಿನವೂ ನಿಮ್ಮನ್ನೇ ನೆನೆಯುತ್ತೇನೆ, ಜೊತೆಗಿರುವುದನ್ನು ತೆರೆದು ನೋಡಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳಂತೆ. ಗುರುತಿಲ್ಲದವರ ಪತ್ರ ತೆರೆಯಬಾರದು ಎಂದು ನಾನು ಅಷ್ಟು ಹೇಳಿರಲಿಲ್ಲವೇ ಎಂದೆ.

“ಅದಕ್ಕೇ ನಾನೊಬ್ಬನೇ ತೆರೀಲಿಲ್ಲ,” ಎಂದರು ಭಟ್ಟರು. “ಇಂಥ ಪತ್ರ ಎಲ್ಲ ಹೆಂಡತಿಗೆ ತಿಳಿಯದೆ ಓದಬಾರದು ಅಂತ ಇವಳನ್ನು ಕರೆದು ಪಕ್ಕದಲ್ಲಿ ಕೂರಿಸಿಯೇ ತೆರೆದದ್ದು.”

ತಪ್ಪಿಲ್ಲದ ಮನುಷ್ಯ. ಹೆಂಡತಿಯ ಸಮಕ್ಷಮ ವೈರಸ್ಸನ್ನು ಬರಮಾಡಿಕೊಂಡಿದ್ದರು. ಅಕ್ಕನ ಕೋಪ ಬೇರೆಯದೇ ಆಗಿತ್ತು. ಮದುವೆಯಾದಾಗಿನಿಂದ ಇವರು ನನಗೊಂದು ಕಾಗದ ಬರೆದವರಲ್ಲ, ನನ್ನ ಹೆಸರು ಹಿಡಿದು ಕರೆದವರಲ್ಲ, ಯಾವಳೋ ಬರೆದದ್ದಕ್ಕೆ ಮಾತ್ರ ಕನ್ನಡಕ ಹಾಕಿಕೊಂಡು ಕೂತರು ಎಂದರು. ಇದೆಲ್ಲ ನಡೆದದ್ದು ಪ್ಯಾಕಿಂಗ್ ಹೆಂಗಸರ ಮಧ್ಯದಲ್ಲೇ. ಕನ್ನಡದಲ್ಲಿ ಆದ್ದರಿಂದ ಯಾರಿಗೂ ಸಂಕೋಚವಿರಲಿಲ್ಲ. ಹೆಂಗಸರು ಬಹಳ ಶ್ರದ್ಧೆಯಿಂದ ತಲೆ ತಗ್ಗಿಸಿ ಪೊಟ್ಟಣ ಕಟ್ಟುತ್ತಿದ್ದರು.

ವೈರಸ್ಸಿನಿಂದಾದ ನಷ್ಟ ನಮ್ಮ ಆ ಪಾಲಿಸಿಯಲ್ಲಿ ಬರುತ್ತಿರಲಿಲ್ಲ. ಅದನ್ನು ಹೇಳುವ ಬದಲು ಪಾಲಿಸಿಯ ಕಾಗದಗಳನ್ನು ಎರಡೆರಡು ಸಲ ಮಗುಚಿದೆ. ಕೊನೆಗೆ ಹೇಳಿದಾಗ ಅಕ್ಕನೇ ನನ್ನನ್ನು ಸಮಾಧಾನ ಮಾಡಿದರು. ಹೋಗಲಿ ಬಿಡಿ, ಆ ಹೆಂಗಸು ಇನ್ನೊಂದು ಪತ್ರ ಬರೆಯದಿದ್ದರೆ ಸಾಕು ಎಂದರು.

ಕಾಗೆ ಓಡಿಸುವ ನಕಲು

ಭಟ್ಟರು ಎದೆಗುಂದಲಿಲ್ಲ. ಮಾಹಿತಿಯ ನಕಲನ್ನು ಕಾರ್ಖಾನೆಯ ಹೊರಗೆ ಇಡಬೇಕು ಎಂಬ ನಮ್ಮ ಷರತ್ತನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ವಾರಕ್ಕೊಂದು ಸೀಡಿ ಮಾಡಿ ಮನೆಗೆ ಒಯ್ದಿದ್ದರು. ಅವರ ಮನೆ ಇದ್ದದ್ದು ಲೇಕ್ ಗಾರ್ಡನ್ಸ್ ಸ್ಟೇಷನ್ ಹತ್ತಿರ, ನಮ್ಮ ಮನೆಗೆ ಎರಡು ಓಣಿ ಆಚೆ. ಕಂಪ್ಯೂಟರ್ ರಿಪೇರಿಯ ಬಾಬುವನ್ನೂ ಕರೆದುಕೊಂಡು ಮೂವರೂ ಹೋದೆವು. ಭಟ್ಟರು ಕಪಾಟು ತೆಗೆದರೆ ಒಳಗೆ ಏನೂ ಇಲ್ಲ.

ಅಕ್ಕನಿಗೆ ಫೋನು ಮಾಡಿದೆವು. ಆ ಹೊಳೆಯುವ ಬಿಲ್ಲೆಗಳಾ, ತಾರಸಿಯಲ್ಲಿ ಉಂಟಲ್ಲ ಎಂದರು.

ತಾರಸಿಗೆ ಹತ್ತಿದೆವು. ಉದ್ದಕ್ಕೂ ಸೀರೆ ಹಾಸಿ ಹಲಸಿನ ಹಪ್ಪಳ ಒಣಗಿಸಿದ್ದರು. ಊರಿಂದ ಯಾರೋ ರೈಲಿನಲ್ಲಿ ತಂದುಕೊಟ್ಟ ಹಲಸಿನಕಾಯಿಯದು. ಮೇಲೆ ಕಟ್ಟಿದ ಹಗ್ಗದಲ್ಲಿ ಭಟ್ಟರ ಕಾರ್ಖಾನೆಯ ಲೆಕ್ಕ, ಗಿರಾಕಿಗಳು, ಪುಡಿಯ ಹದ, ಎಲ್ಲವೂ ದಾರದಲ್ಲಿ ನೇತಾಡುತ್ತ ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಕಾಗೆಗಳು ಎದುರು ಮನೆಯ ಗೋಡೆಯ ಮೇಲೆ ಸಾಲಾಗಿ ಕುಳಿತು ದೂರದಿಂದಲೇ ನೋಡುತ್ತಿದ್ದವು.

ಕಂಪ್ಯೂಟರ್ ಬಾಬು ಒಂದೊಂದನ್ನೇ ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ, ತನ್ನ ಯಂತ್ರಕ್ಕೆ ಹಾಕಿ ನೋಡಿದ. ಬಿಸಿಲಿಗೆ ಬೆಂದು, ಗಾಳಿಗೆ ಒಂದಕ್ಕೊಂದು ಉಜ್ಜಿ ಎಲ್ಲವೂ ಕೆಟ್ಟಿದ್ದವು. ನೀರಿನ ಟ್ಯಾಂಕಿನ ನೆರಳಿನಲ್ಲಿದ್ದ ಒಂದು ಮಾತ್ರ ಓಡಿತು. ಅದರಿಂದಲೇ ಕಾರ್ಖಾನೆ ಮತ್ತೆ ಎದ್ದು ನಿಂತಿತು. ಭಟ್ಟರಿಗೆ ಹೆಂಡತಿಯನ್ನು ಬೈಯುವುದೋ ಬಿಡುವುದೋ ತಿಳಿಯಲಿಲ್ಲ. ಸಂಜೆ ಅಕ್ಕ ಬಂದವರೇ ನೇರ ತಾರಸಿಗೆ ಹೋಗಿ, ಹಗ್ಗ ಬರಿದಾಗಿದ್ದನ್ನೂ ಕಾಗೆಗಳು ಊಟ ಮುಗಿಸಿದ್ದನ್ನೂ ನೋಡಿದರು.

ಕೆಳಗೆ ಬಂದು ನನ್ನನ್ನು ಕೇಳಿದರು, ಹಪ್ಪಳಕ್ಕೆ ನಿಮ್ಮಲ್ಲಿ ಪಾಲಿಸಿ ಉಂಟಾ ಎಂದು.

ಮುಖ ನೋಡಿ ತಿಳಿಯುವವರು

ಇಷ್ಟಾದ ಮೇಲೆ ನಾನು ಷರತ್ತುಗಳನ್ನು ಬಿಗಿ ಮಾಡಿದೆ. ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಾಯಿಸಬೇಕು, ಎಲ್ಲೂ ಬರೆದಿಡಬಾರದು. ಮೂರು ಸಲ ತಪ್ಪು ಒತ್ತಿದರೆ ಕಂಪ್ಯೂಟರ್ ಮರುದಿನದವರೆಗೆ ಬಾಗಿಲು ಹಾಕಿಕೊಳ್ಳಬೇಕು. ಬಾಬು ಹಾಗೆಯೇ ಮಾಡಿಕೊಟ್ಟ. ನಮ್ಮ ಮ್ಯಾನೇಜರು ನನ್ನ ಬೆನ್ನು ತಟ್ಟಿದರು.

ಭಟ್ಟರು ಮಾತ್ರ ಪ್ರತಿ ತಿಂಗಳೂ ಹೊಸ ಪಾಸ್‌ವರ್ಡಿಗೆ ಹೊಟ್ಟೆಯನ್ನೇ ಕೇಳುತ್ತಿದ್ದರು. ಯಾವ ತಿಂಡಿ ತಿನ್ನದೆ ಬಹಳ ದಿನವಾಯಿತೋ ಅದು ಆ ತಿಂಗಳ ಪಾಸ್‌ವರ್ಡ್. ಪತ್ರೊಡೆ, ಕೊಟ್ಟೆ ಕಡುಬು, ನೀರುದೋಸೆ ಎಂದು ಬೆಳಗ್ಗೆ ಬೆಳಗ್ಗೆ ಗಟ್ಟಿಯಾಗಿ ಹೇಳಿಕೊಂಡು ಒತ್ತುವುದು, ಆಮೇಲೆ ನಿಟ್ಟುಸಿರು ಬಿಡುವುದು. ಅವರಿಗೆ ಊರಿನ ನೆನಪು ಎಷ್ಟು ಕಾಡುತ್ತಿದೆ ಎಂಬುದು ಆ ನಿಟ್ಟುಸಿರಿನಲ್ಲೇ ತಿಳಿಯುತ್ತಿತ್ತು.

ಆ ದಿನಗಳಲ್ಲಿ ದಂಪತಿಗಳಿಬ್ಬರೂ ಬಂಗಾಳಿಗಳನ್ನು ಬಹಳ ಹೊಗಳುತ್ತಿದ್ದರು. ಇವರಿಗೆ ಏನೋ ಒಂದು ಶಕ್ತಿ ಉಂಟು, ಮುಖ ನೋಡಿಯೇ ಮನಸ್ಸು ತಿಳಿಯುತ್ತಾರೆ ಎನ್ನುವರು. ಅಕ್ಕನಿಗೆ ಮಂಡಿ ನೋವು. ಕೆಲಸದವರಿಗೆ ತೋರಿಸಿಕೊಳ್ಳಬಾರದೆಂದು ಗಂಡನ ಹತ್ತಿರ ಮಾತ್ರ ಕನ್ನಡದಲ್ಲಿ ಹೇಳಿಕೊಂಡಿದ್ದರು. ಮರುದಿನ ಅವರು ಕೂರುವ ಜಾಗದಲ್ಲಿ ಮೋಡಾ ಎನ್ನುವ ಬೆತ್ತದ ಕುಳ್ಳು ಪೀಠ ಬಂದು ಕುಳಿತಿತ್ತು, ಮೇಲೊಂದು ಮೆತ್ತನೆಯ ದಿಂಬು. ಇನ್ನೊಂದು ಸಲ, ಇವತ್ತು ನನ್ನ ಹುಟ್ಟಿದ ದಿನ, ನಿಮಗೆ ನೆನಪೂ ಇಲ್ಲ ಎಂದು ಅಕ್ಕ ಭಟ್ಟರ ಮೇಲೆ ಬೆಳಗ್ಗೆ ಸಿಡುಕಿದ್ದರು. ಮಧ್ಯಾಹ್ನ ಮಾಶಿ ಬಟ್ಟಲು ತುಂಬ ಪಾಯೇಶ್ ತಂದು ಮುಂದಿಟ್ಟಳು. ಬಂಗಾಳಿಗಳು ಹುಟ್ಟುಹಬ್ಬಕ್ಕೆ ಮಾಡುವ ಪಾಯಸ ಅದು. ಏನು ವಿಶೇಷ ಎಂದು ಅಕ್ಕ ಕೇಳಿದ್ದಕ್ಕೆ, ಹೀಗೇ ಸುಮ್ಮನೆ, ಹೊಸ ಬೆಲ್ಲ ಬಂದಿತ್ತು ಎಂದಳಂತೆ.

“ನೋಡಿದ್ರಾ? ಕಾಳಿಘಾಟ್ ಪಕ್ಕದಲ್ಲೇ ಉಂಟಲ್ಲ, ದೇವಿಯ ಅನುಗ್ರಹ ಇವರ ಮೇಲೆ,” ಎಂದು ಭಟ್ಟರು ಕೈಮುಗಿದರು. ನಾನೂ ಮುಗಿದೆ.

ಭಟ್ಟರು ಆಸ್ಪತ್ರೆಯಲ್ಲಿ, ಹಡಗು ಬಂದರಿನಲ್ಲಿ

ಮರುವರ್ಷ ಭಟ್ಟರಿಗೆ ಸಿಂಗಪುರದ ಅಂಗಡಿಯೊಂದರಿಂದ ದೊಡ್ಡ ಆರ್ಡರ್ ಬಂತು. ಅದನ್ನು ನಂಬಿ ಹೊಸ ಬೀಸುವ ಯಂತ್ರ ತಂದಿದ್ದರು. ಇದು ಕೈತಪ್ಪಿದರೆ ಕಾರ್ಖಾನೆ ಮುಚ್ಚಿ ಮತ್ತೆ ಸೌಟು ಹಿಡಿಯುವುದೇ ಎಂದು ಹೆಂಡತಿಯ ಹತ್ತಿರ ಹೇಳಿದ್ದರಂತೆ, ಕನ್ನಡದಲ್ಲಿ, ಎಲ್ಲರ ಎದುರಿಗೆ. ಆಮೇಲಿನ ಭಾನುವಾರಗಳಲ್ಲೂ ಹೆಂಗಸರು ಯಾರೂ ಕರೆಯದೆ ಕೆಲಸಕ್ಕೆ ಬಂದರು. ಮನೆಯಲ್ಲಿ ಕೂತು ಬೇಸರ ಎಂದರು. ದೇವಿಯ ಅನುಗ್ರಹ ಇನ್ನೂ ಮುಂದುವರಿದಿತ್ತು.

ಸರಕು ಸಿದ್ಧವಾಯಿತು. ಅಷ್ಟರಲ್ಲಿ ಭಟ್ಟರ ಪಿತ್ತಕೋಶದ ಕಲ್ಲು ಕೆರಳಿತು. ಡಾಕ್ಟರು ತಕ್ಷಣ ಆಪರೇಶನ್ ಎಂದರು. ಸರಕು ಬಂದರಿಗೆ ಹೋಗಬೇಕಾದ ದಿನವೇ ಭಟ್ಟರು ಆಪರೇಶನ್ ಮೇಜಿಗೆ ಹೋದರು. ನಾನು ಅಕ್ಕನಿಗೆ ಜೊತೆಯಾಗಿರಲೆಂದು ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದೆ. ಭಟ್ಟರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಕಾರ್ಖಾನೆಯಿಂದ ಫೋನು ಬಂತು: ಪೆಟ್ಟಿಗೆಗಳಿಗೆ ಅಂಟಿಸುವ ಚೀಟಿಗಳು ಕಂಪ್ಯೂಟರಿನಲ್ಲೇ ಇವೆ, ಅವಿಲ್ಲದೆ ಬಂದರಿನವರು ಗೇಟು ತೆರೆಯುವುದಿಲ್ಲ, ಸಂಜೆ ಗೇಟು ಮುಚ್ಚುತ್ತದೆ. ಅಕ್ಕನೂ ನಾನೂ ಟ್ಯಾಕ್ಸಿ ಹಿಡಿದು ಓಡಿದೆವು.

ಅಕ್ಕ ಕಂಪ್ಯೂಟರಿನ ಮುಂದೆ ಕುಳಿತರು. ಹಿಂದೆ ಹೆಂಗಸರೆಲ್ಲ ಗುಂಪು ಕಟ್ಟಿ ನಿಂತರು. ಹಿಂದಿನ ತಿಂಗಳೆಲ್ಲ ಭಟ್ಟರು ಗಟ್ಟಿಯಾಗಿ ಹೇಳುತ್ತಿದ್ದದ್ದು ಪತ್ರೊಡೆ; ಅದೇ ಇರಬಹುದೆಂದು ಅಕ್ಕನ ಊಹೆ. ಒತ್ತಿದರು. ತಪ್ಪು. ಆಸ್ಪತ್ರೆಗೆ ಹೋಗುವ ಮುಂಚೆ ಹೊಸದು ಹಾಕಿರಬೇಕು. ರಾತ್ರಿಯ ಊಟಕ್ಕೆ ತಂಬುಳಿ ಬೇಕು ಎಂದಿದ್ದರು ಎಂದು ನೆನಪಾಗಿ ಅದನ್ನು ಒತ್ತಿದರು. ಅದೂ ತಪ್ಪು. ಇನ್ನೊಂದೇ ಸಲ ಉಳಿದಿತ್ತು. ಬಾಬುವಿಗೆ ಫೋನು ಮಾಡಿದರೆ ಅವನು ಸಿಲಿಗುರಿಯಲ್ಲಿದ್ದ. ಆಸ್ಪತ್ರೆಗೆ ಮಾಡಿದರೆ, ಸಂಜೆಯವರೆಗೆ ರೋಗಿಗೆ ಎಚ್ಚರವಾಗುವುದಿಲ್ಲ ಎಂದರು. ಮೂರೇ ಸಲ ಎಂಬ ಷರತ್ತು ಹಾಕಿದ ಮಹಾಶಯ ನಾನು, ಅಕ್ಕನ ಪಕ್ಕದಲ್ಲೇ ಬೆವರುತ್ತ ನಿಂತಿದ್ದೆ. ಅಕ್ಕನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಸಂಸಾರ ಮಾಡಿ ಇವರ ಮನಸ್ಸಿನಲ್ಲಿ ಏನುಂಟು ಅಂತ ನನಗೆ ಗೊತ್ತಿಲ್ಲವಲ್ಲ ಎಂದರು.

ಆಗ ಹಿಂದಿನಿಂದ ಒಂದು ಧ್ವನಿ ಬಂತು, ಶುದ್ಧ ಉಡುಪಿಯ ಕನ್ನಡದಲ್ಲಿ.

“ಈ ತಿಂಗಳು ತಿಂಡಿ ಅಲ್ಲ ಅಕ್ಕ. ನಿಮ್ಮ ಹೆಸರು.”

ತಿರುಗಿ ನೋಡಿದರೆ ಮಾಶಿ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

ಮಾಶಿ ನಿಧಾನವಾಗಿ ಹೇಳಿದಳು. ನಿನ್ನೆ ಎಲ್ಲರೂ ಹೊರಟ ಮೇಲೆ ಭಟ್ಟರು ಒಬ್ಬರೇ ಕಂಪ್ಯೂಟರಿನ ಮುಂದೆ ಕುಳಿತಿದ್ದರಂತೆ. ಇವಳು ಲೋಟ ತೆಗೆಯಲು ಹೋದಾಗ ಎಂದಿನಂತೆ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರಂತೆ. ಆಪರೇಶನ್ ಏನಾಗುತ್ತದೋ, ಈ ಸಲ ಅವಳ ಹೆಸರು ಹಾಕುವ, ಬಾಯಿಬಿಟ್ಟು ಒಂದು ದಿನವೂ ಕರೆಯಲಿಲ್ಲ ಎಂದರಂತೆ. ಆಮೇಲೆ ಅಕ್ಕನನ್ನು ತವರಿನಲ್ಲಿ ಕರೆಯುತ್ತಿದ್ದ ಹೆಸರನ್ನು ಹೇಳಿಕೊಂಡು ಒತ್ತಿದರಂತೆ. ಆ ಹೆಸರನ್ನು ಮಾಶಿ ನಮ್ಮೆಲ್ಲರ ಎದುರು ಹೇಳಿದಳು. ನಾನಿಲ್ಲಿ ಬರೆಯುವುದಿಲ್ಲ. ಪಾಸ್‌ವರ್ಡ್ ಎಲ್ಲೂ ಬರೆದಿಡಬಾರದು ಎಂಬುದು ನಮ್ಮ ಪಾಲಿಸಿಯ ಷರತ್ತು.

ಅಕ್ಕ ತಮ್ಮ ಹೆಸರನ್ನು ತಾವೇ ಒತ್ತಿದರು. ಕಂಪ್ಯೂಟರ್ ತೆರೆದುಕೊಂಡಿತು. ಅಕ್ಕ ಮುಖ ಮುಚ್ಚಿಕೊಂಡು ಅತ್ತರು, ಹೆಂಗಸರು ಅವರ ಬೆನ್ನು ಸವರಿದರು. ಮುದ್ರಣ ಯಂತ್ರ ಚೀಟಿ ಉಗುಳತೊಡಗಿತು. ಎಲ್ಲರೂ ಸೇರಿ ಅಂಟಿಸಿದೆವು, ನಾನೂ. ಗೇಟು ಮುಚ್ಚುವ ಮೊದಲು ಲಾರಿ ಬಂದರಿನ ಒಳಗಿತ್ತು.

ಉಸಿರು ತಿರುಗಿದ ಮೇಲೆ ಅಕ್ಕ ಮಾಶಿಯನ್ನು ಕೇಳಿದರು, ನಿನಗೆ ಕನ್ನಡ ಯಾವಾಗ ಬಂತು ಎಂದು.

“ನನಗೊಬ್ಬಳಿಗೆ ಎಂತಕ್ಕೆ, ಎಲ್ಲರಿಗೂ ಬರ್ತದೆ,” ಎಂದಳು ಮಾಶಿ. “ನೀವಿಬ್ಬರು ಜಗಳ ಮಾಡುವಾಗೆಲ್ಲ ಕನ್ನಡ. ದಿನಾ ಅರ್ಧ ಕತೆ ಕೇಳಿ ಮನೆಗೆ ಹೋದರೆ ನಮಗೆ ಅನ್ನ ಸೇರುವುದಾ? ಕಲಿತೆವು.”

ಹೆಂಗಸರೆಲ್ಲ ತಲೆ ತಗ್ಗಿಸಿ ಪೊಟ್ಟಣ ಹುಡುಕತೊಡಗಿದರು. ಅಕ್ಕ ತಮ್ಮ ಮೋಡಾವನ್ನೂ ಅದರ ಮೇಲಿನ ದಿಂಬನ್ನೂ ಬಹಳ ಹೊತ್ತು ನೋಡಿದರು.

ಸಂಜೆ ಆಸ್ಪತ್ರೆಯಲ್ಲಿ ಭಟ್ಟರಿಗೆ ಎಚ್ಚರವಾಯಿತು. ಸರಕು ಹೋಯಿತೆಂದು ತಿಳಿದು ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಥಟ್ಟನೆ ಕಣ್ಣು ತೆರೆದು, ಪಾಸ್‌ವರ್ಡ್ ಹೇಗೆ ಸಿಕ್ಕಿತು ಎಂದು ಕೇಳಿದರು. ಮುಖ ಕೆಂಪಗಾಗಿತ್ತು. ಅಕ್ಕ ಹೊದಿಕೆ ಸರಿಮಾಡುತ್ತ, ಮಾಶಿ ನನ್ನ ಮುಖ ನೋಡಿ ತಿಳಿದುಕೊಂಡಳು ಎಂದರು. ನೋಡು, ನಾನು ಹೇಳಲಿಲ್ಲವಾ ಎಂದು ಭಟ್ಟರು ಮತ್ತೆ ನಿದ್ದೆ ಹೋದರು.

ಪಾಲಿಸಿ ನವೀಕರಣಕ್ಕೆ ಮುಂದಿನ ತಿಂಗಳು ಕಾರ್ಖಾನೆಗೆ ಹೋದೆ. ಭಟ್ಟರು ಇನ್ನೂ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದರು. ಪಾಸ್‌ವರ್ಡ್ ಯಾರಿಗೆ ಗೊತ್ತು ಎಂಬ ಪ್ರಶ್ನೆಯ ಮುಂದೆ ಪೆನ್ನು ನಿಂತಿತು. ಸುಳ್ಳು ಬರೆಯುವಂತಿಲ್ಲ, ನಿಜ ಬರೆದರೆ ಪಾಲಿಸಿ ಉಳಿಯುವುದಿಲ್ಲ. ಸುತ್ತ ನೋಡಿದೆ. ಹೆಂಗಸರು ಪೊಟ್ಟಣ ಕಟ್ಟುತ್ತಿದ್ದರು, ಅಕ್ಕ ಅವರ ನಡುವೆ ಮೋಡಾದ ಮೇಲೆ ಕುಳಿತು, ಈಗ ಧಾರಾಳವಾಗಿ ಕನ್ನಡದಲ್ಲೇ, ಗಂಡನ ಪಥ್ಯದ ಬಗ್ಗೆ ದೂರುತ್ತಿದ್ದರು. ‘ಮನೆಯವರಿಗೆ ಮಾತ್ರ’ ಎಂದು ಬರೆದು ಸಹಿ ಹಾಕಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಷ್ಟರಲ್ಲಿ ಮಾಶಿ ಚಹಾ ತಂದಳು. ಎಂದಿನ ಅದೇ ಬಣ್ಣ, ಅದೇ ಮೆಂತ್ಯದ ಘಾಟು. ನಾನು ಅಭ್ಯಾಸದಂತೆ ಅವಳನ್ನು ನೋಡಿ ಹಿತವಾಗಿ ನಕ್ಕೆ. ಅವಳೂ ನಕ್ಕಳು. ಲೋಟವನ್ನು ನನ್ನ ಕೈಗೇ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಹೆದರಬೇಡಿ ಸಾರ್, ಕುಡೀರಿ. ಇವತ್ತಿನದಕ್ಕೆ ವಿಮೆ ಮಾಡಿಸಿಯೇ ತಂದದ್ದು.”